ಬೋರ್‌ವೆಲ್ ಪಂಪ್ ಮಾಡುವವನು ರಾಕೆಟ್ ಎಂಜಿನ್ ಲೆಕ್ಕಕ್ಕೆ ಕೂತಾಗ

ನಾನು ಹೊಟ್ಟೆಪಾಡಿಗೆ ಬೋರ್‌ವೆಲ್ ಪಂಪ್ ಡಿಸೈನ್ ಮಾಡುವವನು. ಹೋದ ಮಳೆಗಾಲದಲ್ಲಿ ಒಂದು ಹುಚ್ಚು ಹಿಡಿಯಿತು. ನಮ್ಮ ಜಿಎಸ್‌ಎಲ್‌ವಿ ರಾಕೆಟ್‌ನ ಮೇಲಿನ ಹಂತಕ್ಕೆ ರಷ್ಯಾದಿಂದ ಕೆವಿಡಿ-1 ಅಂತ ಕ್ರಯೋಜೆನಿಕ್ (ಅತಿ ತಣ್ಣಗಿನ ದ್ರವ ಇಂಧನದಲ್ಲಿ ಓಡುವ) ಎಂಜಿನ್ ಬಂದಿತ್ತಲ್ಲ, ಅದರ ಲೆಕ್ಕವನ್ನು ಎಕ್ಸೆಲ್‌ನಲ್ಲಿ ನಾನೇ ಕೂಡಿಸಿ ನೋಡಬೇಕು ಅಂತ.

ಅದರ ಹಳೇ ಹೆಸರು 11ಡಿ56. ಸೋವಿಯತ್ ಕಾಲದಲ್ಲಿ, 1960ರ ದಶಕದಲ್ಲಿ, ಮಾಸ್ಕೋ ಪಕ್ಕದಲ್ಲಿದ್ದ ಅಲೆಕ್ಸಿ ಇಸಾಯೆವ್ ಅವರ ತಂಡ ಎನ್1 ಎಂಬ ಚಂದ್ರಯಾನದ ರಾಕೆಟ್‌ಗಾಗಿ ಇದನ್ನು ಶುರು ಮಾಡಿತು. 1971ರಲ್ಲಿ ಇಸಾಯೆವ್ ತೀರಿಕೊಂಡರು, 1974ರಲ್ಲಿ ಎನ್1 ಕೆಲಸವೇ ನಿಂತಿತು, ಎಂಜಿನ್ ಒಂದು ಸಲವೂ ಹಾರದೆ ಮೂಲೆ ಸೇರಿತು. 1991ರಲ್ಲಿ ಭಾರತ ಕೊಳ್ಳಲು ಹೊರಟಾಗ ಇಸ್ರೋ ಅಧ್ಯಕ್ಷರಾಗಿದ್ದವರು ನಮ್ಮ ಉಡುಪಿ ಕಡೆಯ ಯು.ಆರ್. ರಾವ್. ತಂತ್ರಜ್ಞಾನ ಕೊಡಬಾರದು ಅಂತ ಅಮೆರಿಕ ಅಡ್ಡಗಾಲು ಹಾಕಿತು, ಕೊನೆಗೆ ಸಿಕ್ಕಿದ್ದು 7 ರೆಡಿಮೇಡ್ ಹಂತಗಳು. ಮೊದಲ ಹಾರಾಟ 2001ರ ಏಪ್ರಿಲ್ 18ಕ್ಕೆ, ಶ್ರೀಹರಿಕೋಟಾದಿಂದ.

ಸರಿ, ಲೆಕ್ಕಕ್ಕೆ ಬರೋಣ. ನೂಕುಬಲ ಸುಮಾರು ಏಳೂವರೆ ಟನ್. ಅದರಿಂದ ಹಿಂದಕ್ಕೆ ಹೋದರೆ ಸೆಕೆಂಡಿಗೆ 16 ಕೆಜಿಗೆ ಸ್ವಲ್ಪ ಮೇಲೆ ಇಂಧನ ಬೇಕು. ಒಂದು ಪಾಲು ಹೈಡ್ರೋಜನ್, ಆರು ಪಾಲು ಆಕ್ಸಿಜನ್. ಅಂದರೆ ಹೈಡ್ರೋಜನ್ ಬರೀ 2.3 ಕೆಜಿ, ಇದೇನು ಮಹಾ ಅನ್ನಿಸಿತು. ಆಮೇಲೆ ಲೀಟರ್‌ಗೆ ಬದಲಿಸಿ ನೋಡಿದೆ. ದ್ರವ ಹೈಡ್ರೋಜನ್ ಒಂದು ಲೀಟರ್‌ಗೆ 71 ಗ್ರಾಂ ಮಾತ್ರ, ಹಾಗಾಗಿ ಸೆಕೆಂಡಿಗೆ 32 ಲೀಟರ್! ಆಕ್ಸಿಜನ್ ತೂಕದಲ್ಲಿ ಆರು ಪಟ್ಟು ಇದ್ದರೂ 12 ಲೀಟರ್ ಅಷ್ಟೇ.

ನಮ್ಮ ಕಸುಬಿನಲ್ಲಿ ಎಲ್ಲವನ್ನೂ ಹೆಡ್‌ನಲ್ಲಿ ಅಳೆಯುತ್ತೇವೆ, ಅಂದರೆ ಪಂಪ್ ಎಷ್ಟು ಎತ್ತರಕ್ಕೆ ಎತ್ತುತ್ತದೆ ಅಂತ. 100 ಬಾರ್ ಒತ್ತಡ ಅಂದರೆ ನೀರಿಗೆ 1 ಕಿಲೋಮೀಟರ್. ಹೈಡ್ರೋಜನ್‌ಗೆ, ಅದು ಅಷ್ಟು ಹಗುರ ಆದ್ದರಿಂದ, ಅದೇ ಒತ್ತಡ 14 ಕಿಲೋಮೀಟರ್. ಕೋಲಾರದ ಕಡೆ ಸಾವಿರದಿನ್ನೂರು ಅಡಿ ಬೋರ್ ಅಂದರೆ ನಾವು ತಲೆ ಕೆರೆದುಕೊಳ್ಳುತ್ತೇವೆ, ಇದು ನಲವತ್ತೇಳು ಸಾವಿರ ಅಡಿ, ಅದೂ ಮೈನಸ್ 253 ಡಿಗ್ರಿಯಲ್ಲಿ. ನಮ್ಮ ಮೋಟರ್ ನಿಮಿಷಕ್ಕೆ 2,900 ಸುತ್ತು ತಿರುಗುತ್ತದೆ, ಅಲ್ಲಿ ಸುಮಾರು 40,000.

ಈ ಪಂಪನ್ನು ತಿರುಗಿಸೋದು ಟರ್ಬೈನ್. ಈ ಎಂಜಿನ್‌ನ ಜಾಣತನ ಇರೋದೇ ಇಲ್ಲಿ. ಹೆಚ್ಚುಕಮ್ಮಿ ಎಲ್ಲಾ ಹೈಡ್ರೋಜನ್ನನ್ನು ಸ್ವಲ್ಪವೇ ಆಕ್ಸಿಜನ್ ಜೊತೆ ಒಂದು ಚಿಕ್ಕ ಒಲೆಯಲ್ಲಿ ಅರೆಬರೆ ಉರಿಸಿ, ಆ ಬಿಸಿ ಗಾಳಿಯಿಂದ ಟರ್ಬೈನ್ ತಿರುಗಿಸಿ, ಆಮೇಲೆ ಅದೇ ಗಾಳಿಯನ್ನು ದೊಡ್ಡ ಒಲೆಗೆ ಬಿಟ್ಟು ಪೂರ್ತಿ ಉರಿಸುತ್ತಾರೆ. ಒಂದು ಹನಿಯೂ ದಂಡ ಆಗಲ್ಲ. ಆದರೆ ಟರ್ಬೈನ್ ದಾಟಿದ ಮೇಲೂ ಗಾಳಿಗೆ ದೊಡ್ಡ ಒಲೆಯ 56 ಬಾರ್‌ಗಿಂತ ಜಾಸ್ತಿ ಒತ್ತಡ ಉಳಿದಿರಬೇಕು. ಅದಕ್ಕೆ ಪಂಪ್ ಜಾಸ್ತಿ ಒತ್ತಬೇಕು, ಅದಕ್ಕೆ ಟರ್ಬೈನ್ ಇನ್ನೂ ಜೋರಾಗಿ ತಿರುಗಿಸಬೇಕು, ಅದಕ್ಕೆ ಮತ್ತೆ ಪಂಪ್...

ಎಕ್ಸೆಲ್ ಸರ್ಕ್ಯುಲರ್ ರೆಫರೆನ್ಸ್ ಅಂತ ಕಿರುಚಿತು, ಅಂದರೆ ಲೆಕ್ಕ ಸುತ್ತಿ ಬಂದು ತನ್ನ ಉತ್ತರವನ್ನೇ ತಾನು ಕೇಳುತ್ತಿದೆ ಅಂತ. ಇಟರೇಷನ್ (ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸೋದು) ಆನ್ ಮಾಡಿದರೆ ನಾಲ್ಕೇ ಸುತ್ತಿಗೆ ಎಲ್ಲಾ ಸೆಲ್‌ನಲ್ಲೂ ಎರರ್. ಎರಡು ರಾತ್ರಿ ಹಾಳಾದ ಮೇಲೆ ಗೊತ್ತಾಯಿತು, ತಪ್ಪು ಎರಡು. ಒಂದು, ಪುಸ್ತಕದಿಂದ ಕಣ್ಣುಮುಚ್ಚಿ ಸಾದಾ ಗಾಳಿಯ ಸ್ಪೆಸಿಫಿಕ್ ಹೀಟ್, ಅಂದರೆ ಒಂದು ಕೆಜಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ, ಹಾಕಿಬಿಟ್ಟಿದ್ದೆ. ಹೈಡ್ರೋಜನ್ ತುಂಬಿದ ಈ ಗಾಳಿಗೆ ಅದು ಎಂಟು ಪಟ್ಟು ಜಾಸ್ತಿ, ನನ್ನ ಟರ್ಬೈನ್ ಪಾಪ ಉಪವಾಸ ಬಿದ್ದಿತ್ತು. ಇನ್ನೊಂದು, ಪ್ರತಿ ಸುತ್ತಿನಲ್ಲೂ ಹೊಸ ಉತ್ತರವನ್ನು ಪೂರ್ತಿ ನಂಬುತ್ತಿದ್ದೆ. ಹಳೇದರ ಅರ್ಧ, ಹೊಸದರ ಅರ್ಧ ಸೇರಿಸಿ ಮುಂದಕ್ಕೆ ಕಳಿಸಿದೆ ನೋಡಿ, ಹದಿನೈದು ಸುತ್ತಿಗೆ ತಣ್ಣಗೆ ಕೂತಿತು. ನಾನು ಊಹಿಸಿದ ದಕ್ಷತೆಗಳಿಗೆ ಹೈಡ್ರೋಜನ್, ಆಕ್ಸಿಜನ್ ಎರಡರ ಪಂಪೂ ಸೇರಿ ಸುಮಾರು 700 ಕಿಲೋವ್ಯಾಟ್, ಮುಕ್ಕಾಲು ಪಾಲಿಗೂ ಮೇಲೆ ಹೈಡ್ರೋಜನ್ನಿಗೇ.

ಇದೆಲ್ಲ ಎಂಜಿನ್ ಆಗಲೇ ಓಡುತ್ತಿದ್ದರೆ ಮಾತ್ರ. ನಿಂತಿದ್ದನ್ನು ಶುರು ಮಾಡೋದು ಬೇರೆಯೇ ಕಥೆ, ಪಂಪ್ ತಿರುಗದೆ ಒಲೆ ಉರಿಯಲ್ಲ, ಒಲೆ ಉರಿಯದೆ ಪಂಪ್ ತಿರುಗಲ್ಲ. 2010ರ ಏಪ್ರಿಲ್ 15ರಂದು ನಮ್ಮದೇ ಕ್ರಯೋಜೆನಿಕ್ ಹಂತ ಮೊದಲ ಸಲ ಹಾರಿದಾಗ ಹೈಡ್ರೋಜನ್ ಬೂಸ್ಟರ್ ಪಂಪ್ (ದೊಡ್ಡ ಪಂಪಿಗೆ ಇಂಧನ ತಳ್ಳಿಕೊಡುವ ಚಿಕ್ಕ ಪಂಪ್) ಶುರುವಾಗಿ ನಿಂತುಬಿಟ್ಟಿತ್ತು. 2014ರ ಜನವರಿ 5ಕ್ಕೆ ಗೆದ್ದರು. ನಾನೀಗ ಆ ಮೊದಲ ಮೂರು ಸೆಕೆಂಡಿಗೆ ಬೇರೆ ಶೀಟ್ ಬರೆಯುತ್ತಿದ್ದೇನೆ. ನನ್ನ ಪಂಪ್ ಇನ್ನೂ ಎರಡನೇ ಸೆಕೆಂಡಿಗೇ ನಿಂತುಹೋಗುತ್ತಿದೆ.