ನಲಿ-ಕಲಿ ತರಗತಿಯನ್ನು ಮುಖ್ಯ ಶಿಕ್ಷಕರು ವೀಕ್ಷಿಸುವ ಬಗೆ

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಆದ್ದರಿಂದ ಮುಖ್ಯ ಶಿಕ್ಷಕರು ಅಲ್ಲಿ ನಿಶ್ಶಬ್ದವನ್ನೇ ಶಿಸ್ತೆಂದು ಎಣಿಸಬಾರದು.

ಒಳಗೆ ಹೋದ ಮೇಲೆ ಮಕ್ಕಳೊಂದಿಗೆ ನೆಲದ ಮೇಲೆಯೇ ಕುಳಿತು, ಮೊದಲು ಸ್ವ-ಕಲಿಕಾ ಗುಂಪನ್ನು ಗಮನಿಸಿ. ಶಿಕ್ಷಕರ ನೇರ ನೆರವಿಲ್ಲದ ಆ ಮಕ್ಕಳು ಕಲಿಕಾ ಚಟುವಟಿಕೆಯ ಕಾರ್ಡಿನಲ್ಲಿರುವುದನ್ನು ಅರಿತು ಮಾಡುತ್ತಿದ್ದಾರೆಯೇ ಅಥವಾ ಪಕ್ಕದವರದನ್ನು ನೋಡಿ ಬರೆಯುತ್ತಿದ್ದಾರೆಯೇ ಎಂಬುದರಿಂದಲೇ ತರಗತಿಯ ನಿಜಸ್ಥಿತಿ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಬಳಿಕ ಪ್ರತಿ ಮಗುವಿನ ಕಲಿಕೆ ಎಲ್ಲಿಗೆ ಬಂದಿದೆ ಎಂದು ತೋರಿಸುವ ಪ್ರಗತಿ ನೋಟದಲ್ಲಿ ಬಹಳ ದಿನಗಳಿಂದ ಒಂದೇ ಮೈಲಿಗಲ್ಲಿನಲ್ಲಿ, ಅಂದರೆ ಕಲಿಕೆಯ ಒಂದೇ ಹಂತದಲ್ಲಿ, ನಿಂತಿರುವ ಮಗುವನ್ನು ಗುರುತಿಸಿ, ಅದರಿಂದ ಒಂದು ಕಾರ್ಡನ್ನು ಓದಿಸಿ. ಅಕ್ಷರ ತಿಳಿಯದೆ ತಡವರಿಸುವುದು ಬೇರೆ. ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಆಡುವ ಮಗು ಕಾರ್ಡಿನ ಪದವನ್ನೇ ಕೇಳಿರದೆ ಸುಮ್ಮನಾಗುವುದು ಬೇರೆ. ಪೋಷಕರೊಂದಿಗೆ ಗುಳೆ ಹೋಗಿ ಬಂದ ಮಗುವಿನ ತೊಡಕು ಮತ್ತೂ ಬೇರೆ. ಇವೆಲ್ಲಕ್ಕೂ ಒಂದೇ ಪರಿಹಾರ ಸಲ್ಲದು.

ಶಿಕ್ಷಕರೊಂದಿಗಿನ ಮಾತುಕತೆ ಅದೇ ದಿನ, ಮಕ್ಕಳಿಲ್ಲದ ವೇಳೆಯಲ್ಲಿ ನಡೆಯಲಿ. ಕಂಡದ್ದನ್ನು ಮಗುವಿನ ಹೆಸರು ಹಿಡಿದು ಹೇಳಿ, ಮುಂದಿನ ವಾರಕ್ಕೆ ಒಂದೇ ಒಂದು ಬದಲಾವಣೆಯನ್ನು ಇಬ್ಬರೂ ಸೇರಿ ನಿಶ್ಚಯಿಸಿ. ಆ ವಾರ ಶಿಕ್ಷಕರನ್ನು ದಾಖಲೆಗಳ ಕೆಲಸಕ್ಕೆಂದು ತರಗತಿಯಿಂದ ಹೊರಗೆ ಕರೆಯದಿರುವುದು ಮುಖ್ಯ ಶಿಕ್ಷಕರ ಹೊಣೆ.