ನಾಕಾ ಮುಚ್ಚುವ ಮೊದಲೇ ಲೈನ್ ಬದಲಿಸಿದೆ

ಕೆಲಸ ಬಿಟ್ಟುಬಿಡೋಣ ಅಂತ ಎಲ್ಲರಿಗೂ ಆಗಾಗ ಅನ್ನಿಸುತ್ತದೆ. ಸಾಹೇಬರು ಬೈದ ದಿನ, ಲೋಕಲ್ ರೈಲಿನಲ್ಲಿ ಕಾಲಿಡಲೂ ಜಾಗ ಸಿಗದ ದಿನ ಇನ್ನೂ ಜಾಸ್ತಿ. ಆ ಸಿಟ್ಟನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ನನಗೆ ನಾನೇ ಕೇಳಿಕೊಂಡದ್ದು ಒಂದೇ ಮಾತು: ಬೇರೆ ಆಫೀಸಿಗೆ ಹೋದರೆ ಈ ತೊಂದರೆ ತಪ್ಪುತ್ತದಾ? ತಪ್ಪುವುದಾದರೆ ಆಫೀಸ್ ಬದಲಿಸಿದರೆ ಸಾಕು. ಅಲ್ಲಿಗೂ ಬೆನ್ನಿಗೇ ಬರುವುದಾದರೆ ಲೈನೇ, ಅಂದರೆ ಕಸುಬೇ, ಬದಲಾಗಬೇಕು.

ನಾನಿದ್ದದ್ದು ಮುಲುಂಡ್ ಚೆಕ್ ನಾಕಾ ಹತ್ತಿರ, ಒಬ್ಬ ಆಕ್ಟ್ರಾಯ್ ಏಜೆಂಟರ ಆಫೀಸಿನಲ್ಲಿ. ಆಕ್ಟ್ರಾಯ್ ಅಂದರೆ ಊರೊಳಗೆ ಬರುವ ಮಾಲಿಗೆ ಪಾಲಿಕೆ ಹಾಕುತ್ತಿದ್ದ ತೆರಿಗೆ, ನಾಕಾ ಅಂದರೆ ಅದನ್ನು ವಸೂಲಿ ಮಾಡುವ ಗೇಟು. ಮುಂಬೈಗೆ ಮಾಲು ತರುವ ಲಾರಿ ನಾಕಾದಲ್ಲಿ ನಿಲ್ಲಬೇಕಿತ್ತು. ಡ್ರೈವರ್ ಬಿಲ್ಟಿ (ಲಾರಿಯ ಸಾಗಣೆ ಚೀಟಿ), ಇನ್‌ವಾಯ್ಸ್ ಕೊಡುತ್ತಿದ್ದ. ನಾವು ಮಾಲಿನ ಬೆಲೆ ನೋಡಿ ಫಾರಂ ತುಂಬಿ, ಪಾಲಿಕೆಗೆ ದುಡ್ಡು ಕಟ್ಟಿ ರಸೀದಿ ತಂದುಕೊಟ್ಟರೆ ಲಾರಿ ಒಳಗೆ. ಕೆಲಸದ ಮೇಲೆ ನನಗೇನೂ ಬೇಸರ ಇರಲಿಲ್ಲ. ಆದರೆ ಅದು ನಿಂತಿದ್ದೇ ಒಂದು ತೆರಿಗೆಯ ಮೇಲೆ.

ನಮ್ಮ ಕರ್ನಾಟಕದಲ್ಲಿ ಆಕ್ಟ್ರಾಯ್ 1979ರಲ್ಲೇ ಹೋಗಿತ್ತು. ಪುಣೆ, ಠಾಣೆಯಲ್ಲಿ 2013ರ ಏಪ್ರಿಲ್‌ನಲ್ಲಿ ಅದನ್ನು ತೆಗೆದು ಎಲ್‌ಬಿಟಿ (ಸ್ಥಳೀಯ ಸಂಸ್ಥೆ ತೆರಿಗೆ) ತಂದರು. 2015ರ ಆಗಸ್ಟ್‌ನಲ್ಲಿ ಹೆಚ್ಚಿನ ವ್ಯಾಪಾರಿಗಳಿಗೆ ಆ ಎಲ್‌ಬಿಟಿಯೂ ಹೋಯಿತು. ಉಳಿದದ್ದು ಮುಂಬೈ. "ಪಾಲಿಕೆಗೆ ಇದೇ ದೊಡ್ಡ ಆದಾಯ, ಹೇಗೆ ಬಿಡುತ್ತಾರೆ?" ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. 2016ರ ಆಗಸ್ಟ್‌ನಲ್ಲಿ ಸಂಸತ್ತು ಜಿಎಸ್‌ಟಿ ತಿದ್ದುಪಡಿ ಪಾಸು ಮಾಡಿದಾಗ, ಮುಂಬೈಯ ಆಕ್ಟ್ರಾಯ್ ಕೂಡ ಅದರೊಳಗೆ ಸೇರಿ ಹೋಗುತ್ತದೆ ಅಂತ ನನಗೆ ಖಾತ್ರಿಯಾಯಿತು. ಪಾಲಿಕೆಗೆ ಸರ್ಕಾರ ಪರಿಹಾರ ಕೊಡಬಹುದು. ನಾಕಾದ ಗುಮಾಸ್ತರಿಗೆ ಯಾರು ಕೊಡುತ್ತಾರೆ? ಇನ್ನೊಬ್ಬ ಏಜೆಂಟರ ಹತ್ತಿರ ಸೇರಿದರೂ ಅದೇ ಕಥೆ, ಅಲ್ವಾ?

ಹೋಗುವುದು ಏನು, ಉಳಿಯುವುದು ಏನು ಅಂತ ಒಂದು ಹಾಳೆಯಲ್ಲಿ ಬರೆದೆ. ನಾಕಾ, ಫಾರಂ, ರಸೀದಿ ಹೋಗುತ್ತವೆ. ಇನ್‌ವಾಯ್ಸ್ ಓದುವ ಕಣ್ಣು, ಲೆಕ್ಕ, ಬಿ.ಕಾಂ., ಊರಿನವರ ಪರಿಚಯ ಉಳಿಯುತ್ತವೆ. ಪೂರ್ತಿ ಹೊಸ ವಿದ್ಯೆ ಕಲಿಯುವ ವಯಸ್ಸಲ್ಲ, ಮನೆಯಲ್ಲಿ ಮಕ್ಕಳ ಫೀಸು ಇದೆ. ಹಾಗಾಗಿ ಉಳಿಯುವುದರ ಪಕ್ಕದ ಕೆಲಸವನ್ನೇ ಹುಡುಕಿದೆ. ಅದು ತೆರಿಗೆ ಲೆಕ್ಕ.

ಕೆಲಸ ಬಿಡದೆ ಡೊಂಬಿವಲಿಯಲ್ಲಿ ಸಂಜೆ ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್) ಕ್ಲಾಸಿಗೆ ಹೋದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರ ಊರಿದು, ಇದರಲ್ಲಿ ಹೊಸದೇನಿಲ್ಲ. ಭಾನುವಾರ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಸಂಬಳ ಇಲ್ಲದೆ ಬಿಲ್ ಎಂಟ್ರಿ ಮಾಡಿದೆ. ಕ್ಲಾಸಿಗಿಂತ ಅಲ್ಲೇ ಜಾಸ್ತಿ ಕಲಿತೆ. ಈ ಕೆಲಸವನ್ನು ದಿನವಿಡೀ ಮಾಡಬಲ್ಲೆನಾ ಅನ್ನುವುದೂ ಅಲ್ಲೇ ಗೊತ್ತಾಯಿತು. ಅದನ್ನು ತಿಳಿಯದೆ ಯಾರೂ ರಾಜೀನಾಮೆ ಬರೆಯಬಾರದು ಅಂತ ನಾನು ಖಂಡಿತ ಹೇಳುತ್ತೇನೆ.

ದುಡ್ಡಿನ ವಿಷಯದಲ್ಲಿ ಅವಸರ ಮಾಡಲಿಲ್ಲ. ಮನೆಯವಳೂ ನಾನೂ ಕೂತು ಬಾಡಿಗೆ, ರೇಷನ್, ಫೀಸು ಕೂಡಿಸಿ, ಕೆಲವು ತಿಂಗಳಿಗೆ ಸಾಕಾಗುವಷ್ಟು ಬ್ಯಾಂಕಿನಲ್ಲಿಟ್ಟೆವು. ಪಿಎಫ್ ಮುಟ್ಟಲಿಲ್ಲ. ಕೆಲಸದಲ್ಲಿ ಐದು ವರ್ಷ ದಾಟಿದ್ದರಿಂದ, ಬಿಡುವಾಗ ಮಾಲೀಕರು ಕೊಡುವ ಗ್ರಾಚ್ಯುಯಿಟಿ ಬಂತು. ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ ಅದು. ಆರೋಗ್ಯ ವಿಮೆಯನ್ನು ಸಂಬಳ ಬರುತ್ತಿರುವಾಗಲೇ ಮಾಡಿಸಿದೆ. ಪಾಲಿಸಿ ಶುರುವಾದ ಮೊದಲ 30 ದಿನ ಕಾಯಿಲೆಗೆ ಕ್ಲೇಮ್ ಸಿಗುವುದಿಲ್ಲ, ಹಳೇ ಕಾಯಿಲೆಗಂತೂ ವರ್ಷಗಟ್ಟಲೆ ಕಾಯಬೇಕು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ನಾಕಾದಲ್ಲಿ ಆಕ್ಟ್ರಾಯ್ ನಿಂತಿತು. ಅಷ್ಟರಲ್ಲಿ ನಾನು ಸಲಹೆಗಾರರ ಆಫೀಸಿನಲ್ಲಿ ಕಡಿಮೆ ಸಂಬಳಕ್ಕೆ ಸೇರಿಯಾಗಿತ್ತು. ಮೊದಲು ಬಂದವರು ನಮ್ಮ ಉಡುಪಿ ಹೋಟೆಲಿನವರೇ. ಮಾಟುಂಗದ ಒಬ್ಬರು ಶೆಟ್ರು ಚೀಲದ ತುಂಬ ಬಿಲ್ ತಂದು ಮೇಜಿನ ಮೇಲೆ ಸುರಿದರು. "ಮಾರಾಯ, ಮೇಲೆ ಎಸಿ ಹಾಲ್ ಉಂಟು, ಕೆಳಗೆ ಬರೀ ಫ್ಯಾನು. ಎಷ್ಟು ಹಾಕುವುದು?" ಆಗ ಎಸಿ ಇದ್ದರೆ ಶೇ. 18, ಇಲ್ಲದಿದ್ದರೆ 12. ಹೋಟೆಲಿನ ಯಾವುದೇ ಭಾಗದಲ್ಲಿ ಎಸಿ ಇದ್ದರೂ ಇಡೀ ಹೋಟೆಲಿಗೆ 18. "ಕೆಳಗೆ ನಿಂತು ಚಾ ಕುಡಿಯುವವನಿಗೂ ಅಷ್ಟಾ?" ಅಂದರು. ಹೌದು ಶೆಟ್ರೇ ಅಂದೆ.

ಆಮೇಲೆ ಇಬ್ಬರೂ ಕೂತು ಬಿಲ್ ಬೇರೆ ಮಾಡಿದೆವು. ತರಕಾರಿ, ಹಾಲಿಗೆ ತೆರಿಗೆ ಇಲ್ಲ, ಆ ಚೀಟಿ ಒಂದು ಕಡೆ. ಹೋಟೆಲಿನ ಗ್ಯಾಸ್ ಸಿಲಿಂಡರ್‌ಗೆ ಶೇ. 18 ಕಟ್ಟಿರುತ್ತಾರೆ, ಆಗ ಅದನ್ನು ಹೋಟೆಲ್ ಕಟ್ಟಬೇಕಾದ ತೆರಿಗೆಯಿಂದ ಕಳೆಯಬಹುದಿತ್ತು, ಆ ಬಿಲ್ ಇನ್ನೊಂದು ಕಡೆ. ಗ್ಯಾಸ್ ಬಿಲ್‌ನಲ್ಲಿ ಹೋಟೆಲಿನ ಜಿಎಸ್‌ಟಿ ನಂಬರ್ ಇದೆಯಾ ಅಂತ ಒಂದೊಂದನ್ನೂ ನೋಡಿದೆ. ನಾಕಾದಲ್ಲಿ ಇನ್‌ವಾಯ್ಸ್ ನೋಡಿ ಪಳಗಿದ ಕಣ್ಣು ಅಲ್ಲಿ ಉಪಯೋಗಕ್ಕೆ ಬಂತು. ನವೆಂಬರ್ 15ರಿಂದ ಸರ್ಕಾರ ಎಸಿ ಇದ್ದರೂ ಇಲ್ಲದಿದ್ದರೂ ಶೇ. 5 ಮಾಡಿ, ಹಾಗೆ ತೆರಿಗೆ ಕಳೆಯುವ ಸೌಲಭ್ಯ ತೆಗೆಯಿತು. ಶೆಟ್ರಿಗೆ ಮತ್ತೆ ಮೊದಲಿಂದ ಎಲ್ಲ ತಿಳಿಸಿ ಹೇಳಿದೆ. ಅವರೇ ಇನ್ನೂ ಕೆಲವು ಹೋಟೆಲಿನವರನ್ನು ಕಳಿಸಿದರು.

ಬಿ.ಕಾಂ. ಇದ್ದದ್ದರಿಂದ ಜಿಎಸ್‌ಟಿ ಪ್ರಾಕ್ಟೀಷನರ್ (ವ್ಯಾಪಾರಿಗಳ ಪರವಾಗಿ ಜಿಎಸ್‌ಟಿ ಲೆಕ್ಕ ಸಲ್ಲಿಸುವವ) ಆಗಿ ಹೆಸರು ನೋಂದಾಯಿಸಿ, ಆಮೇಲೆ ಪರೀಕ್ಷೆಯನ್ನೂ ಪಾಸು ಮಾಡಿದೆ. ಹಳೇ ಸಂಬಳದಷ್ಟು ಕೈಗೆ ಬರಲು ಸಮಯ ಹಿಡಿಯಿತು. ಆ ದಿನಗಳಲ್ಲಿ ಕೂಡಿಟ್ಟ ದುಡ್ಡೇ ಮನೆ ನಡೆಸಿತು. 2018ರ ಏಪ್ರಿಲ್ 1ರಿಂದ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ, 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಮಾಲಿಗೆ ಇ-ವೇ ಬಿಲ್ (ಆನ್‌ಲೈನ್‌ನಲ್ಲಿ ಮಾಡುವ ಸಾಗಣೆ ಚೀಟಿ) ಕಡ್ಡಾಯವಾಯಿತು. ನಾಕಾದಲ್ಲಿ ಪರಿಚಯವಿದ್ದ ಟ್ರಾನ್ಸ್‌ಪೋರ್ಟ್‌ನವರು ನಂಬರ್ ಹುಡುಕಿ ಫೋನ್ ಮಾಡಿದರು. ಈಗ ನನ್ನ ಕೆಲಸದಲ್ಲಿ ಅರ್ಧ ಹೋಟೆಲಿನದು, ಅರ್ಧ ಅವರದು.