ಕಾಟಾದ ಮೇಲಿಡುವ ಮುನ್ನ: ತೈಲಬಾವಿಯ ಹಳೆಯ ಬಿಟ್‌ಗಳು ಮತ್ತು ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಗುಜರಿ ಅಂಗಡಿ. ಸುತ್ತಲಿನ ಲೇಥ್ ಮತ್ತು ಸಿಎನ್‌ಸಿ ಶಾಪ್‌ಗಳಿಂದ ಸವೆದ ಕಾರ್ಬೈಡ್ ಟಿಪ್‌ಗಳನ್ನು, ಅಂದರೆ ಲೋಹ ಕಡೆಯುವ ಟೂಲಿನ ತುದಿಯ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ತುಂಡುಗಳನ್ನು, ಕೊಂಡು ಮಾರುವುದು ತಂದೆಯವರ ಕಾಲದಿಂದಲೂ ನಡೆದುಬಂದ ಕೆಲಸ. ಹಾಗಾಗಿ ಗುಜರಾತಿನ ಅಂಕಲೇಶ್ವರದ ವ್ಯಾಪಾರಿಯೊಬ್ಬರು ತೈಲಬಾವಿ ಕೊರೆದು ಹಳೆಯದಾದ ಬಿಟ್‌ಗಳ (ಕೊರೆಯುವ ಕೊಳವೆಯ ತುದಿಗೆ ಕೂರಿಸುವ, ಕಲ್ಲು ಒಡೆಯುವ ತಲೆಗಳ) ಲಾಟ್ ಇದೆಯೆಂದು ಫೋನ್ ಮಾಡಿದಾಗ, ಅವುಗಳಲ್ಲಿ ಕಾರ್ಬೈಡ್ ಇರುತ್ತದೆ ಎಂಬಷ್ಟೇ ತಿಳಿವಳಿಕೆಯ ಮೇಲೆ ಒಪ್ಪಿಕೊಂಡೆ. ಅಂಕಲೇಶ್ವರದಿಂದ ನಮ್ಮೂರಿನವರೆಗೆ 48ನೇ ರಾಷ್ಟ್ರೀಯ ಹೆದ್ದಾರಿಯೊಂದೇ ದಾರಿ. ಲಾರಿ ಸಲೀಸಾಗಿ ಬಂದು ತಲುಪಿತು. ತೊಡಕು ಶುರುವಾದದ್ದು ಮಾಲು ಇಳಿಸಿದ ಮೇಲೆ.

ಬಂದವುಗಳಲ್ಲಿ ಹೆಚ್ಚಿನವು ಹಲ್ಲುಗಳಿರುವ, ತಿರುಗುವ ಮೂರು ಕೋನ್‌ಗಳ ಟ್ರೈಕೋನ್ ಬಿಟ್‌ಗಳು. ಎಂಟೂವರೆ ಇಂಚಿನ ಒಂದು ಬಿಟ್ ಸುಮಾರು 40 ಕಿಲೋ ತೂಗಿದರೆ, ಹನ್ನೆರಡೂಕಾಲು ಇಂಚಿನದು 95 ಕಿಲೋದ ಆಸುಪಾಸು ತೂಗುತ್ತದೆ. ಇಷ್ಟು ಒಳ್ಳೆಯ ಉಕ್ಕು ಎರಕದವರಿಗೆ ಬೇಕೇ ಬೇಕು ಎಂದುಕೊಂಡು ನಾಲ್ಕನ್ನು ಪರಿಚಯದ ಫೌಂಡ್ರಿಗೆ ಕಳಿಸಿದೆ. ಅದೇ ಸಂಜೆ ಅವು ಮರಳಿ ಬಂದವು. "ಇದರಾಗಿನ ಗುಂಡಿ ಕರಗೂದಿಲ್ರಿ, ಕುಲುಮಿ ತಳಕ್ಕ ಹೋಗಿ ಕೂಡತಾವ" ಎಂದು ಅಲ್ಲಿನ ಮೇಸ್ತ್ರಿ ಹೇಳಿದರು. ಅವರು ಹೇಳಿದ ಗುಂಡಿಗಳು ಕೋನ್‌ಗಳಲ್ಲಿ ಹಲ್ಲುಗಳಾಗಿ ಕೂತ ಕಾರ್ಬೈಡ್ ತುಂಡುಗಳು, ಮತ್ತು ಅವರ ಮಾತು ಸರಿಯಾಗಿತ್ತು. ಟಂಗ್‌ಸ್ಟನ್ ಕಾರ್ಬೈಡ್ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರವಾದ ವಸ್ತು. ಅದರ ಕರಗುವ ಬಿಂದು ಎರಕದ ಕುಲುಮೆಯ ಶಾಖಕ್ಕಿಂತ ಬಹಳ ಮೇಲಿದೆ. ಅದರ ಅಂಶವೇನಾದರೂ ಎರಕದಲ್ಲಿ ಸೇರಿದರೆ ಗಟ್ಟಿ ಗಂಟುಗಳಾಗಿ, ಮುಂದೆ ಲೇಥ್‌ನಲ್ಲಿ ಟೂಲ್ ಮುರಿಯುತ್ತದೆ.

ಎರಡನೆಯ ತಪ್ಪು ಲೆಕ್ಕ ವಿಜಯಪುರದ್ದು. ಅಲ್ಲಿ ಬೋರ್‌ವೆಲ್ ಗಾಡಿಗಳು ವರ್ಷವಿಡೀ ಓಡಾಡುವುದರಿಂದ ಚೆನ್ನಾಗಿರುವ ಬಿಟ್‌ಗಳನ್ನು ಅವರು ಕೊಳ್ಳುತ್ತಾರೆಂದು ಭಾವಿಸಿ ಎರಡನ್ನು ಜೀಪಿನಲ್ಲಿ ಹಾಕಿಕೊಂಡು ಹೋದೆ. ಗಾಡಿಯ ಮಾಲೀಕರು ಬಿಟ್ಟನ್ನು ತಿರುಗಿಸಿ ನೋಡಿ, ತಮ್ಮ ಹ್ಯಾಮರ್ ತೋರಿಸಿದರು. ನಮ್ಮ ಕಪ್ಪು ಬಸಾಲ್ಟ್ ಕಲ್ಲನ್ನು ಕಂಪ್ರೆಸರ್ ಗಾಳಿಯಿಂದ ಬಡಿಯುವ ಹ್ಯಾಮರ್ ಮತ್ತು ಅದರ ತುದಿಯ ಬಟನ್ ಬಿಟ್ ಕುಟ್ಟಿ ಒಡೆಯುತ್ತವೆ. ಟ್ರೈಕೋನ್ ಹಾಗಲ್ಲ, ಅದು ಮೇಲಿನ ಭಾರದಿಂದ ಕಲ್ಲನ್ನು ಅರೆಯುತ್ತದೆ, ಗಟ್ಟಿ ಪದರದಲ್ಲಿ ಎಂಟೂವರೆ ಇಂಚಿನ ಬಿಟ್ಟಿಗೆ ಹತ್ತು ಟನ್ನಿಗೂ ಮೀರಿದ ಒತ್ತಡ ಬೇಕಾಗುತ್ತದೆ. ಬೋರ್‌ವೆಲ್ ಗಾಡಿಯಲ್ಲಿ ಅಷ್ಟು ಒತ್ತಡ ಎಲ್ಲಿಂದ ಬರಬೇಕು? ಮರುಬಳಕೆಯ ಟ್ರೈಕೋನ್‌ಗೆ ನಿಜವಾದ ಗಿರಾಕಿಗಳಿರುವುದು ಮೆಕ್ಕಲು ಮಣ್ಣಿನ ಸೀಮೆಗಳಲ್ಲಿ, ಕೆಸರುನೀರು ಹರಿಸಿ ರೋಟರಿ ಯಂತ್ರದಿಂದ ಕೊಳವೆಬಾವಿ ಕೊರೆಯುವವರ ನಡುವೆ. ಅವರನ್ನು ಹುಡುಕಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಈ ಎರಡು ಪೆಟ್ಟುಗಳ ನಂತರ ನಾನು ಕಲಿತದ್ದು, ಬಿಟ್ಟನ್ನು ಕಾಟಾದ ಮೇಲಿಡುವ ಮೊದಲು ಓದಬೇಕು ಎಂಬುದನ್ನು. ಪಿನ್ನಿನ (ಕೊಳವೆಗೆ ಬಿಗಿಯುವ ತಿರುಪಿನ ತುದಿಯ) ಬಳಿ ತಂತಿ ಬ್ರಷ್ಷಿನಿಂದ ಉಜ್ಜಿದರೆ ಅಳತೆ, ಕ್ರಮಸಂಖ್ಯೆ ಮತ್ತು ಕೊರೆಯುವ ಗುತ್ತಿಗೆದಾರರ ಅಂತರರಾಷ್ಟ್ರೀಯ ಸಂಘವಾದ ಐಎಡಿಸಿಯ ಮೂರಂಕಿಯ ಸಂಕೇತ ಕಾಣಿಸುತ್ತವೆ. ಮೊದಲ ಅಂಕಿ 1ರಿಂದ 3ರೊಳಗಿದ್ದರೆ ಅದು ಉಕ್ಕಿನಲ್ಲೇ ಕಡೆದ ಹಲ್ಲಿನ ಬಿಟ್. 4ರಿಂದ 8ರೊಳಗಿದ್ದರೆ ಕಾರ್ಬೈಡ್ ಗುಂಡಿಗಳನ್ನು ಒತ್ತಿ ಕೂರಿಸಿದ ಬಿಟ್. ಗುಜರಿಯವನಿಗೆ ಈ ಒಂದು ಅಂಕಿಯೇ ಅರ್ಧ ವ್ಯಾಪಾರ, ಏಕೆಂದರೆ ಕಡೆದ ಹಲ್ಲಿನದರಲ್ಲಿ ಬಿಡಿಸಿ ಮಾರುವಂಥ ಕಾರ್ಬೈಡ್ ಸಿಗುವುದು ತೀರ ಅಲ್ಪ. ಕೊನೆಯ ಅಂಕಿ 7 ಇದ್ದರೆ, ಒಳಗೆ ಸೀಲ್ ಹಾಕಿದ, ರೋಲರ್‌ಗಳಿಲ್ಲದೆ ನುಣುಪು ಮೈಮೇಲೆ ತಿರುಗುವ ಜರ್ನಲ್ ಬೇರಿಂಗ್ ಇದೆ ಮತ್ತು ಅಂಚಿನ ಸವೆತಕ್ಕೆ ರಕ್ಷಣೆ ಇದೆ ಎಂದರ್ಥ.

ಆಮೇಲೆ ಅಳತೆ. ಬಿಟ್ ಹೊಸದಾಗಿದ್ದಾಗಿನ ವ್ಯಾಸದ ಉಕ್ಕಿನ ಬಳೆಯೊಂದನ್ನು ಲೇಥ್‌ನವರಿಂದ ಮಾಡಿಸಿಕೊಂಡಿದ್ದೇನೆ. ಅದನ್ನು ಎರಡು ಕೋನ್‌ಗಳಿಗೆ ತಾಗುವಂತೆ ಎಳೆದು ಹಿಡಿದು, ಮೂರನೆಯ ಕೋನ್ ಬಳಿ ಉಳಿಯುವ ಸಂದನ್ನು ಅಳೆಯಬೇಕು. ಆ ಸಂದಿನ ಮೂರರಲ್ಲಿ ಎರಡು ಪಾಲು ನಿಜವಾದ ಸವೆತ. ಮೊದಮೊದಲು ಪೂರ್ತಿ ಸಂದನ್ನೇ ಸವೆತವೆಂದು ಹಿಡಿದು ಒಳ್ಳೆಯ ಬಿಟ್‌ಗಳನ್ನೂ ಗುಜರಿಗೆ ಹಾಕಿದ್ದೇನೆ. ಆ ನಷ್ಟ ಈಗಲೂ ನೆನಪಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬೇರಿಂಗ್. ಪ್ರತಿ ಕೋನನ್ನೂ ಕೈಯಿಂದ ತಿರುಗಿಸಿ, ಸಣ್ಣ ಹಾರೆಯಿಂದ ಮೀಟಿ ನೋಡುತ್ತೇನೆ. ಕೋನ್ ಅಲುಗಾಡಿದರೆ, ಒಳಗೆ ಮರಳಿನ ಕರಕರ ಕೇಳಿಸಿದರೆ, ಬುಡದಲ್ಲಿ ಗ್ರೀಸ್ ಒಸರಿದ್ದರೆ ಆ ಬಿಟ್ ಹಲ್ಲುಗಳು ಹೊಸದರಂತಿದ್ದರೂ ಗುಜರಿಯೇ. ಒಮ್ಮೆ ನನಗೆ ಬಂದ ಲಾಟ್‌ನಲ್ಲಿ ಏಳು ಬಿಟ್‌ಗಳಿಗೆ ದಪ್ಪ ಬಣ್ಣ ಬಳಿಯಲಾಗಿತ್ತು. ಥಿನ್ನರಿನಿಂದ ಒರೆಸಿದಾಗ ಐದರ ಸೀಲ್ ಹರಿದುಹೋಗಿದ್ದುದು ತಿಳಿಯಿತು. ಅಂಥ ಬಿಟ್ಟನ್ನು ಅರಿಯದೆ ಕೊಂಡವನ ಬಾವಿಯಲ್ಲಿ ಕೋನ್ ಕಳಚಿ ತಳದಲ್ಲಿ ಉಳಿದರೆ, ಅದನ್ನು ಮೇಲೆತ್ತುವುದು ಬಹಳ ಕಷ್ಟ, ಅನೇಕ ಸಲ ಬಾವಿಯನ್ನೇ ಕೈಬಿಡಬೇಕಾಗುತ್ತದೆ. ಸಾಲ ಮಾಡಿ ಕೊರೆಸುವ ರೈತರ ನಡುವೆ ಬೆಳೆದವನು ನಾನು. ಆದ್ದರಿಂದ ನಮ್ಮಲ್ಲಿ ಯಾವ ಬಿಟ್ಟಿಗೂ ಬಣ್ಣ ಬಳಿಯುವುದಿಲ್ಲ, ಮತ್ತು ಬೇರಿಂಗ್ ಹೋದದ್ದನ್ನು ಗ್ಯಾಸ್ ಕಟರಿನಿಂದ ಪಿನ್ ಕತ್ತರಿಸಿದ ಮೇಲಷ್ಟೇ ಅಂಗಡಿಯಿಂದ ಹೊರಗೆ ಕಳಿಸುತ್ತೇವೆ.

ಗುಜರಿ ಮಾಡುವ ಕೆಲಸದಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಸೀಲ್ ಇರುವ ಬಿಟ್ಟಿನಲ್ಲಿ ಕೋನ್ ಹಿಡಿದಿರುವ ಪ್ರತಿ ಕಾಲಿನಲ್ಲೂ ಒಂದು ಗ್ರೀಸ್ ಕೋಣೆ, ಅದರೊಳಗೆ ರಬ್ಬರ್ ಪೊರೆ, ಮೇಲೆ ಮುಚ್ಚಳ ಇರುತ್ತವೆ. ಮುಚ್ಚಿದ ಕೋಣೆಗೆ ಶಾಖ ತಗುಲಿದರೆ ಒಳಗಿನ ಒತ್ತಡ ಏರುತ್ತದೆ. ನನ್ನ ಎರಡನೆಯ ಲಾಟ್‌ನಲ್ಲಿ ಕತ್ತರಿಸುವಾಗ ಮುಚ್ಚಳವೊಂದು ಸಿಡಿದು ಛಾವಣಿಯ ತಗಡನ್ನು ತೂತು ಮಾಡಿತು. ಹುಡುಗ ಒಂದು ಹೆಜ್ಜೆ ಪಕ್ಕದಲ್ಲಿ ನಿಂತಿದ್ದರಿಂದ ಉಳಿದ. ಅಂದಿನಿಂದ ಮೊದಲು ಪಕ್ಕಕ್ಕೆ ನಿಂತು ಮುಚ್ಚಳದ ರಿಂಗ್ ತೆಗೆದು ಗ್ರೀಸ್ ಖಾಲಿ ಮಾಡದೆ ಯಾರೂ ಗ್ಯಾಸ್ ಹಚ್ಚುವಂತಿಲ್ಲ.

ಕೋನ್ ಬಿಡಿಸಲು ಇಡೀ ಕಾಲನ್ನು ಕತ್ತರಿಸಬೇಕಿಲ್ಲ. ಕೋನನ್ನು ಹಿಡಿದಿರುವುದು ಒಳಗಿನ ಉಕ್ಕಿನ ಗೋಲಿಗಳ ಸಾಲು. ಅವನ್ನು ತುಂಬಿದ ರಂಧ್ರಕ್ಕೆ ಕಾಲಿನ ಹೊರಬದಿಯಲ್ಲಿ ಬೆಸುಗೆ ಹಾಕಿದ ಪ್ಲಗ್ ಇರುತ್ತದೆ. ಅದನ್ನು ಕೊರೆದು ತೆಗೆದರೆ ಗೋಲಿಗಳು ಉದುರಿ ಕೋನ್ ಕಳಚಿಕೊಳ್ಳುತ್ತದೆ. ಆಮೇಲೆ ಕೋನನ್ನು ಕೆಂಪಗೆ ಕಾಯಿಸುತ್ತೇವೆ. ಉಕ್ಕು ಕಾರ್ಬೈಡ್‌ಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಗುಂಡಿಗಳ ಹಿಡಿತ ಸಡಿಲಾಗಿ, ಸುತ್ತಿಗೆಯ ಪೆಟ್ಟಿಗೆ ಉದುರುತ್ತವೆ. ನೀರು ಚಿಮ್ಮುವ ನಾಝಲ್‌ಗಳೂ ಕಾರ್ಬೈಡಿನವೇ. ಅವನ್ನು ಮೊದಲೇ ಬಿಚ್ಚಿ ಬೇರೆ ಡಬ್ಬಿಗೆ ಹಾಕುತ್ತೇವೆ. ಗುಂಡಿಗೆ ಉಕ್ಕಿನ ಚೂರು ಅಂಟಿದ್ದರೆ ಕೊಳ್ಳುವವರು ದರ ಇಳಿಸುತ್ತಾರೆ, ಆದ್ದರಿಂದ ಶುಚಿ ಮಾಡಲು ಕೂಲಿ ಹೋದರೂ ಅದು ದಂಡವಲ್ಲ. ಕಾರ್ಬೈಡ್ ಕಳೆದುಳಿದ ಉಕ್ಕನ್ನು ಅದೇ ಫೌಂಡ್ರಿಯವರು ಈಗ ಕರೆದು ಕೊಳ್ಳುತ್ತಾರೆ.

ಕೋನ್ ಇಲ್ಲದ, ಕೃತಕ ವಜ್ರದ ಬಿಲ್ಲೆಗಳಿರುವ ಪಿಡಿಸಿ ಬಿಟ್‌ಗಳ ಲೆಕ್ಕ ಬೇರೆ. ಅಂಚಿನಲ್ಲಿ ಗ್ರೈಂಡರ್ ತಾಗಿಸಿದಾಗ ಉದ್ದನೆಯ ಕಿಡಿ ಹಾರಿದರೆ ಒಡಲು ಉಕ್ಕಿನದು. ಕಿಡಿ ಅಷ್ಟಾಗಿ ಬಾರದೆ ತಾಮ್ರದ ಛಾಯೆ ಕಂಡರೆ ಅದು ಕಾರ್ಬೈಡ್ ಪುಡಿಗೆ ತಾಮ್ರದ ಮಿಶ್ರಲೋಹ ಉಣಿಸಿ ಎರಕ ಹೊಯ್ದ ಮ್ಯಾಟ್ರಿಕ್ಸ್ ಒಡಲು. ಬಿಲ್ಲೆಗಳು ಬೆಳ್ಳಿ ಬೆಸುಗೆಯಲ್ಲಿ ಕೂತಿರುತ್ತವೆ. ಶಾಖ 750 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ವಜ್ರದ ಪದರ ಕೆಡತೊಡಗುತ್ತದೆ. ಹಾಗಾಗಿ ಈ ಕೆಲಸವನ್ನು ನಾನು ಮಾಡುವುದಿಲ್ಲ, ಇಡೀ ಬಿಟ್ಟನ್ನೇ ದುರಸ್ತಿ ಮಾಡುವವರಿಗೆ ಮಾರುತ್ತೇನೆ.

ಕಾಗದಪತ್ರದ ವಿಷಯದಲ್ಲಿ ನಾನು ಹಟಮಾರಿ. ಪಿಡಿಸಿ ಬಿಟ್‌ಗಳನ್ನು ತಯಾರಕರು ಎಷ್ಟೋ ಸಲ ಬಾಡಿಗೆಗೆ ಕೊಟ್ಟಿರುತ್ತಾರೆ, ಆದ್ದರಿಂದ ಕಾಗದವಿಲ್ಲದೆ ಬಂದ ಮಾಲು ಕದ್ದದ್ದಾಗಿರಬಹುದು. ಒಎನ್‌ಜಿಸಿಯಂಥ ತೈಲ ಸಂಸ್ಥೆಗಳ ಗುಜರಿ ಕೇಂದ್ರ ಸರ್ಕಾರದ ಹರಾಜು ಕಂಪನಿಯಾದ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಇದ್ದಲ್ಲಿ ಇದ್ದಂತೆ ಮಾರಾಟವಾಗುತ್ತದೆ. ಅಲ್ಲಿನ ಡೆಲಿವರಿ ಆರ್ಡರಿನ ಪ್ರತಿಯನ್ನು ನನಗೆ ಮಾರುವವರಿಂದ ಕೇಳಿ ಪಡೆಯುತ್ತೇನೆ. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ ಜಿಎಸ್‌ಟಿಯನ್ನು ಕೊಂಡವರೇ ಕಟ್ಟಬೇಕಾಗಿರುವುದರಿಂದ, ಖರೀದಿ ದರ ನಿಗದಿ ಮಾಡುವಾಗ ಅದನ್ನೂ ಸೇರಿಸಿಕೊಳ್ಳುತ್ತೇನೆ.

ಈಗ ಅಂಗಡಿಯ ಒಳಗೋಡೆಗೆ ಮರದ ಹಲಗೆಗಳ ಮೇಲೆ ಒಂಬತ್ತು ಬಿಟ್‌ಗಳು ಪಿನ್ನಿಗೆ ಗ್ರೀಸ್ ಸವರಿಸಿಕೊಂಡು ನಿಂತಿವೆ. ಪ್ರತಿಯೊಂದಕ್ಕೂ ತಂತಿಯಿಂದ ಕಟ್ಟಿದ ರಟ್ಟಿನ ಚೀಟಿಯಲ್ಲಿ ಅಳತೆ, ಸಂಕೇತ, ಬಳೆಯ ಸಂದು ಮತ್ತು ಮೂರೂ ಕೋನ್‌ಗಳ ಸ್ಥಿತಿ ಬರೆದಿದೆ. ಅವುಗಳ ಬೆಲೆ ಒಂದೊಂದು ನಗಕ್ಕೆ ಇಷ್ಟೆಂಬ ಲೆಕ್ಕದಲ್ಲಿ. ಹೊರಗಿನ ರಾಶಿಯದು ಮಾತ್ರ ಕಿಲೋ ಲೆಕ್ಕದಲ್ಲಿ.